ಪಾಸು ಮಾಡಿಸುವವನಲ್ಲ, ಕಲಿಸುವವನು ಶಿಕ್ಷಕ

(ಸಿರುಗುಪ್ಪ ತಾಲೂಕಿನ ಕೆಂಚನಗುಡ್ಡದಲ್ಲಿ ನಡೆದ ಶಿಕ್ಷಕರು ಮತ್ತು ಪೋಷಕರ ಸಭೆಯಲ್ಲಿ ನಿವೃತ್ತ ಪ್ರೌಢಶಾಲಾ ಶಿಕ್ಷಕರೊಬ್ಬರು ಮಾಡಿದ ಭಾಷಣದ ಲಿಖಿತ ರೂಪ)



ಶಿಕ್ಷಕನ ನೈತಿಕತೆಯ ಕುರಿತು ಮಾತನಾಡಬೇಕೆಂದು ನೀವು ನನ್ನನ್ನು ಕರೆದಿದ್ದೀರಿ. ಈ ವಿಷಯದ ಬಗ್ಗೆ ಉಪದೇಶ ಮಾಡುವುದು ಸುಲಭ. ಆದರೆ ಮೂವತ್ತಕ್ಕೂ ಹೆಚ್ಚು ವರ್ಷ ಗಣಿತ ಬೋಧಿಸಿದವನು ಮೊದಲು ತನ್ನದೇ ಲೆಕ್ಕವನ್ನು ಒಪ್ಪಿಸಬೇಕಾಗುತ್ತದೆ. ಆದ್ದರಿಂದ ನನ್ನ ಮಾತನ್ನು ನನ್ನದೇ ಒಂದು ತಪ್ಪಿನಿಂದ ಆರಂಭಿಸುತ್ತೇನೆ.

ಎರಡು ದಶಕಗಳಿಗೂ ಹಿಂದಿನ ಮಾತು. ಆಗ ನಾನು ಕೆಲಸ ಮಾಡುತ್ತಿದ್ದ ಶಾಲೆಯ ಫಲಿತಾಂಶ ಸತತವಾಗಿ ಕುಸಿದಿತ್ತು. ಮೇಲಿನವರ ಒತ್ತಡವಿತ್ತು, ಊರಿನವರ ಅಸಮಾಧಾನವಿತ್ತು. ಎಸ್ಸೆಸ್ಸೆಲ್ಸಿ ಗಣಿತ ಪರೀಕ್ಷೆಯ ದಿನ ಒಂದು ಅಂಕದ ಪ್ರಶ್ನೆಗಳ ಉತ್ತರಗಳನ್ನೂ ಎರಡು ದೊಡ್ಡ ಲೆಕ್ಕಗಳನ್ನೂ ಚೀಟಿಯಲ್ಲಿ ಬರೆದು ಕೋಣೆಗಳಿಗೆ ತಲುಪಿಸಿದವನು ನಾನೇ. ಬಡ ಮಕ್ಕಳಿಗೆ ಉಪಕಾರ ಮಾಡುತ್ತಿದ್ದೇನೆ ಎಂದೇ ನಾನು ಭಾವಿಸಿದ್ದೆ. ಫಲಿತಾಂಶ ಬಂದಾಗ ಊರಿನಲ್ಲಿ ನನಗೆ ಹಾರ ಹಾಕಿದರು.

ಕೆಲವು ವರ್ಷಗಳ ನಂತರ ಸಿರುಗುಪ್ಪದ ಅಕ್ಕಿ ಗಿರಣಿಯೊಂದರ ಮುಂದೆ ಯುವಕನೊಬ್ಬ ಓಡಿ ಬಂದು ಸಲಾಂ ಹೇಳಿದ. ಮೈಯೆಲ್ಲಾ ತೌಡಿನ ಧೂಳು. ಗಿರಣಿಯಲ್ಲಿ ಚೀಲ ಹೊರುತ್ತಿದ್ದ. ಒತ್ತಾಯ ಮಾಡಿ ಚಹಾ ಕುಡಿಸಿದ. ಯಾಕಪ್ಪಾ ಮುಂದೆ ಓದಲಿಲ್ಲ ಎಂದು ಕೇಳಿದೆ. ಅವನು ನಗುತ್ತಲೇ ಹೇಳಿದ: "ಎಸ್ಸೆಸ್ಸೆಲ್ಸಿ ನೀವು ದಾಟಿಸಿದ್ರಿ ಸರ್. ಪಿಯುಸಿಗೆ ಹೋದ್ಮ್ಯಾಲೆ ಒಂದು ಪುಟಾನೂ ತಿಳೀಲಿಲ್ಲ ನೋಡ್ರಿ. ದೀಪಾವಳಿ ರಜಾಕ್ಕ ಊರಿಗೆ ಬಂದಾವ ವಾಪಸ್ ಹೋಗ್ಲೇ ಇಲ್ಲ."

ಆತ ನನ್ನನ್ನು ದೂಷಿಸಲಿಲ್ಲ. ದೂಷಿಸಿದ್ದರೆ ಸಮರ್ಥನೆಗೆ ಏನಾದರೂ ಮಾತು ಸಿಗುತ್ತಿತ್ತು. ಅವನ ಕೃತಜ್ಞತೆಯ ಮುಂದೆ ನನ್ನಲ್ಲಿ ಮಾತೇ ಉಳಿಯಲಿಲ್ಲ.

ಒಂದೇ ಪದ, ಎರಡು ಅರ್ಥ

ಸ್ನೇಹಿತರೇ, ನಮ್ಮ ಮನೆಗಳಲ್ಲಿ 'ಅಮಾನತ್' ಎಂಬ ಪದವನ್ನು ಎಲ್ಲರೂ ಬಲ್ಲರು. ಒಬ್ಬರು ನಂಬಿ ನಮ್ಮ ಕೈಯಲ್ಲಿಟ್ಟ ವಸ್ತು, ಕೇಳಿದಾಗ ಇದ್ದ ಹಾಗೆಯೇ ಹಿಂದಿರುಗಿಸಬೇಕಾದ ವಸ್ತು ಎಂದು ಅದರ ಅರ್ಥ. ಅದೇ ಪದ ಕನ್ನಡದ ಕಚೇರಿ ಭಾಷೆಗೆ ಬಂದು 'ಅಮಾನತು' ಆಗಿದೆ. ಅಲ್ಲಿ ಅದರ ಅರ್ಥ ನೌಕರಿಯಿಂದ ತಾತ್ಕಾಲಿಕವಾಗಿ ಹೊರಗಿಡುವುದು. ಇಂದು ಶಿಕ್ಷಕರ ಕೋಣೆಯಲ್ಲಿ ಈ ಪದ ಕೇಳಿಬಂದರೆ ಎಲ್ಲರಿಗೂ ನೆನಪಾಗುವುದು ಎರಡನೆಯ ಅರ್ಥ ಮಾತ್ರ. ಆದೇಶಕ್ಕೆ ಹೆದರುವ ನಾವು ನಂಬಿಕೆಗೆ ಹೆದರುವುದಿಲ್ಲ. ಶಿಕ್ಷಣ ಕ್ಷೇತ್ರದ ಕಾಯಿಲೆಯ ಮೂಲ ಇಲ್ಲಿದೆ ಎಂದು ನನಗೆ ತೋರುತ್ತದೆ.

ಒಬ್ಬ ತಾಯಿ ಬೆಳಿಗ್ಗೆ ಭತ್ತದ ಗದ್ದೆಗೆ ನಾಟಿ ಮಾಡಲು ಹೋಗುವ ಮುಂಚೆ ತನ್ನ ಮಗುವನ್ನು ಶಾಲೆಯ ಗೇಟಿನಲ್ಲಿ ಬಿಟ್ಟು ಹೋಗುತ್ತಾಳೆ. ರಸೀದಿ ಕೇಳುವುದಿಲ್ಲ, ಸಾಕ್ಷಿ ಕೇಳುವುದಿಲ್ಲ. ಇದಕ್ಕಿಂತ ದೊಡ್ಡ ಅಮಾನತ್ ಯಾವುದಿದೆ? ಆ ಮಗುವಿನ ಹತ್ತು ವರ್ಷಗಳನ್ನು ಪಡೆದುಕೊಂಡು, ಕೊನೆಗೆ ಓದಲು ಬಾರದ ಕೈಗೆ ಒಂದು ಅಂಕಪಟ್ಟಿಯನ್ನು ಕೊಟ್ಟು ಕಳುಹಿಸುವುದು ವಂಚನೆಯಲ್ಲದೆ ಮತ್ತೇನು?

ಕ್ಯಾಮರಾ ಹೇಳಿದ ಸತ್ಯ

ಇದು ನನ್ನೊಬ್ಬನ ತಪ್ಪಾಗಿದ್ದರೆ ನಾನು ಪಶ್ಚಾತ್ತಾಪ ಪಟ್ಟು ಸುಮ್ಮನಿರಬಹುದಿತ್ತು. ಆದರೆ ರಾಜ್ಯದ ಅಂಕಿ ಅಂಶಗಳು ಬೇರೆಯೇ ಕತೆ ಹೇಳುತ್ತವೆ. 2023ರಲ್ಲಿ ಕರ್ನಾಟಕದ ಎಸ್ಸೆಸ್ಸೆಲ್ಸಿ ಫಲಿತಾಂಶ ಶೇ. 83.89 ಇತ್ತು. 2024ರಲ್ಲಿ ಪರೀಕ್ಷಾ ಕೇಂದ್ರಗಳಿಗೆ ಕ್ಯಾಮರಾ ಅಳವಡಿಸಿ ವೆಬ್‌ಕಾಸ್ಟಿಂಗ್ ಮೂಲಕ ನಿಗಾ ಇಡಲಾಯಿತು. ಫಲಿತಾಂಶ ಶೇ. 73.40ಕ್ಕೆ ಇಳಿಯಿತು. ಅದೂ ಕೃಪಾಂಕದ ಪ್ರಮಾಣವನ್ನು ಶೇ. 10ರಿಂದ 20ಕ್ಕೆ ಏರಿಸಿದ ನಂತರ! ಕೃಪಾಂಕ ಏರಿಸದಿದ್ದರೆ ಫಲಿತಾಂಶ ಇನ್ನೂ ಬಹಳ ಕೆಳಗೆ ಇರುತ್ತಿತ್ತು. 2025ರ ಮೊದಲ ಪರೀಕ್ಷೆಯಲ್ಲಿ ನಮ್ಮ ಕಲ್ಯಾಣ ಕರ್ನಾಟಕದ ಕಲಬುರಗಿ ಜಿಲ್ಲೆ ರಾಜ್ಯದಲ್ಲೇ ಕೊನೆಯ ಸ್ಥಾನದಲ್ಲಿತ್ತು. ಅಲ್ಲಿ ತೇರ್ಗಡೆಯಾದವರು ಶೇ. 42.43 ಮಾತ್ರ.

ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾದರೇ? ಶಿಕ್ಷಕರು ಬೋಧಿಸುವುದನ್ನು ಮರೆತರೇ? ಇಲ್ಲ. ಹಿಂದೆ ಮುಚ್ಚಿಟ್ಟದ್ದರಲ್ಲಿ ಒಂದು ಭಾಗ ಬೆಳಕಿಗೆ ಬಂತು, ಅಷ್ಟೇ. ಕ್ಯಾಮರಾವನ್ನು ದೂಷಿಸುವವರು ಇದ್ದಾರೆ. ಆದರೆ ಜ್ವರ ಬಂದವನು ಥರ್ಮಾಮೀಟರನ್ನು ಒಡೆದರೆ ಜ್ವರ ಇಳಿಯುವುದಿಲ್ಲ.

2024ರ ಆಗಸ್ಟ್ 10ರ ರಾತ್ರಿಯನ್ನು ನೀವು ಯಾರೂ ಮರೆತಿರಲಾರಿರಿ. ತುಂಗಭದ್ರಾ ಅಣೆಕಟ್ಟೆಯ 33 ಗೇಟುಗಳ ಪೈಕಿ 19ನೆಯದರ ಸರಪಳಿ ತುಂಡಾಗಿ ಗೇಟು ಕೊಚ್ಚಿಹೋಯಿತು. ನದಿಯ ದಂಡೆಯಲ್ಲಿರುವ ನಮ್ಮ ಊರುಗಳಲ್ಲಿ ಯಾರಿಗೂ ನಿದ್ರೆಯಿರಲಿಲ್ಲ. ಮಂತ್ರಿಗಳು ಬಂದರು, ತಜ್ಞರು ಬಂದರು, ಹರಿಯುವ ನೀರಿನಲ್ಲೇ ಸುಮಾರು ಒಂದು ವಾರದಲ್ಲಿ ತಾತ್ಕಾಲಿಕ ಗೇಟು ಇಳಿಸಿದರು. ಸಂತೋಷ. ನೀರು ಪೋಲಾದರೆ ಬೆಳೆ ಹೋಗುತ್ತದೆ ಎಂಬುದು ನಮಗೆ ಗೊತ್ತು. ಆದರೆ ಒಂದು ಜಿಲ್ಲೆಯ ಅರ್ಧಕ್ಕಿಂತ ಹೆಚ್ಚು ಮಕ್ಕಳು ಅನುತ್ತೀರ್ಣರಾದ ರಾತ್ರಿ ಎಷ್ಟು ಮಂದಿ ನಿದ್ರೆಗೆಟ್ಟರು? ಹೋದ ನೀರು ಮುಂದಿನ ಮಳೆಗಾಲಕ್ಕೆ ಮತ್ತೆ ಬರುತ್ತದೆ. ಮಗುವಿನ ಹದಿನೈದನೆಯ ವರ್ಷ ಮತ್ತೆ ಬರುವುದಿಲ್ಲ.

ಭಯದಿಂದ ಹುಟ್ಟುವ ವಂಚನೆ

ನಕಲು ಪರೀಕ್ಷೆಯ ಕೋಣೆಯಲ್ಲಿ ಹುಟ್ಟುವುದಿಲ್ಲ. ಅದು ಹುಟ್ಟುವುದು ಬಹಳ ಮೊದಲು, ಮಗು "ನನಗೆ ತಿಳಿಯಲಿಲ್ಲ" ಎಂದು ಹೇಳಲು ಹೆದರಿದ ದಿನ. ಆರುನೂರು ವರ್ಷಗಳಿಗೂ ಹಿಂದೆ ಇಬ್ನ್ ಖಲ್ದೂನ್ ತಮ್ಮ 'ಮುಕದ್ದಿಮಾ' ಗ್ರಂಥದಲ್ಲಿ ಇದನ್ನು ಗುರುತಿಸಿದ್ದರು. ಕಠೋರವಾಗಿ ದಂಡಿಸಿ ಕಲಿಸಿದರೆ ಮಗುವಿನ ಉತ್ಸಾಹ ಬತ್ತಿಹೋಗುತ್ತದೆ, ಅದು ಸುಳ್ಳು ಮತ್ತು ಕಪಟವನ್ನು ಅಭ್ಯಾಸ ಮಾಡಿಕೊಳ್ಳುತ್ತದೆ, ಕೊನೆಗೆ ಅದೇ ಅದರ ಸ್ವಭಾವವಾಗುತ್ತದೆ ಎಂಬುದು ಅವರ ಅಭಿಪ್ರಾಯದ ಸಾರ. ಇಮಾಮ್ ಗಝಾಲಿಯವರು 'ಇಹ್ಯಾ ಉಲೂಮುದ್ದೀನ್'ನಲ್ಲಿ ಶಿಕ್ಷಕನ ಕರ್ತವ್ಯಗಳನ್ನು ಎಣಿಸುವಾಗ ಮೊದಲನೆಯದಾಗಿ ಹೇಳಿದ್ದು ವಿದ್ಯಾರ್ಥಿಯನ್ನು ಸ್ವಂತ ಮಗುವಿನಂತೆ ಕಾಣಬೇಕು ಎಂಬುದನ್ನು. ತಪ್ಪನ್ನು ಎಲ್ಲರೆದುರು ಬಯಲು ಮಾಡದೆ ಸೂಚ್ಯವಾಗಿ ತಿದ್ದಬೇಕು ಎಂದೂ, ಮಗುವಿನ ಗ್ರಹಣ ಶಕ್ತಿಯನ್ನು ಅರಿತು ಅಷ್ಟನ್ನೇ ಕಲಿಸಬೇಕು ಎಂದೂ ಅವರು ಹೇಳಿದ್ದಾರೆ.

ಈ ದೇಶದ ಕಾನೂನೂ ಅದನ್ನೇ ಹೇಳುತ್ತದೆ. 2010ರ ಎಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯಿದೆಯ 17ನೇ ಸೆಕ್ಷನ್ ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸಿದೆ. ಹಾಗಿದ್ದೂ 2022ರ ಡಿಸೆಂಬರ್‌ನಲ್ಲಿ ಗದಗ ಜಿಲ್ಲೆಯ ಹದ್ಲಿ ಗ್ರಾಮದ ಸರಕಾರಿ ಶಾಲೆಯಲ್ಲಿ ನಾಲ್ಕನೇ ತರಗತಿಯ ಬಾಲಕನೊಬ್ಬ ಶಿಕ್ಷಕನ ಹಲ್ಲೆಗೆ ಬಲಿಯಾದ. 2023ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆ ಮಾಲೂರು ತಾಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ಸುದ್ದಿ ಬಂತು. ಅದೇ ವರ್ಷದ ಆಗಸ್ಟ್‌ನಲ್ಲಿ ಉತ್ತರ ಪ್ರದೇಶದ ಮುಝಫ್ಫರ್‌ನಗರದಲ್ಲಿ ಶಿಕ್ಷಕಿಯೊಬ್ಬರು ಮುಸ್ಲಿಂ ಬಾಲಕನಿಗೆ ಸಹಪಾಠಿಗಳಿಂದಲೇ ಕಪಾಳಮೋಕ್ಷ ಮಾಡಿಸಿದರು. ಮೂರನೆಯ ಘಟನೆಗೆ ನಾವು ಬೀದಿಗಿಳಿದೆವು, ನ್ಯಾಯವೇ. ಆದರೆ ಎರಡನೆಯದಕ್ಕೂ ಅಷ್ಟೇ ನೋವಾಗದಿದ್ದರೆ ನಮ್ಮದು ನ್ಯಾಯದ ಪ್ರೀತಿಯಲ್ಲ, ಗುಂಪಿನ ಪ್ರೀತಿ ಮಾತ್ರ. ಶಿಕ್ಷಕನ ಮುಂದೆ ಕುಳಿತ ಮಗುವಿಗೆ ಜಾತಿಯಿಲ್ಲ, ಧರ್ಮದ ಹೆಸರಿನ ಮೇಲು ಕೀಳಿಲ್ಲ.

ಇಲ್ಲಿ ಒಂದು ಐತಿಹಾಸಿಕ ಘಟನೆಯನ್ನು ನೆನಪಿಸಿಕೊಳ್ಳಿ. ಬದ್ರ್ ಯುದ್ಧದಲ್ಲಿ ಸೆರೆಸಿಕ್ಕ, ಪರಿಹಾರ ಧನ ಕೊಡಲಾಗದ ಅಕ್ಷರಸ್ಥ ಕೈದಿಗಳಿಗೆ ಮದೀನಾದ ಹತ್ತು ಹತ್ತು ಮಕ್ಕಳಿಗೆ ಓದು ಬರಹ ಕಲಿಸುವುದನ್ನೇ ಬಿಡುಗಡೆಯ ಶರತ್ತಾಗಿ ವಿಧಿಸಲಾಗಿತ್ತು. ಕಲಿಸಿದವರು ನಿನ್ನೆಯ ಶತ್ರುಗಳು. ವಿದ್ಯೆಗೆ ಧರ್ಮದ ಗೋಡೆಯಿಲ್ಲ ಎಂಬ ಪಾಠ ಇದರಲ್ಲಿದೆ. ಇನ್ನೊಂದು ಸೂಕ್ಷ್ಮವೂ ಇದೆ. ಇಷ್ಟು ದಿನ ಮಕ್ಕಳ ಮುಂದೆ ಕುಳಿತರೆ ಸಾಕು ಎಂಬುದು ಶರತ್ತಾಗಿರಲಿಲ್ಲ, ಮಕ್ಕಳು ಕಲಿಯಬೇಕಾಗಿತ್ತು. ಇಂದು ನಮ್ಮ ವೇತನ ಹಾಜರಿಗೆ ಸಿಗುತ್ತದೆ. ಆದರೆ ನಮ್ಮ ಋಣ ತೀರುವುದು ಮಗು ಕಲಿತಾಗ ಮಾತ್ರ.

ಕಾಲುವೆಯ ಕೊನೆಯ ಭಾಗ

ಈ ಭಾಗದ ರೈತರಿಗೆ ನಾನು ಇದನ್ನು ವಿವರಿಸಬೇಕಾಗಿಲ್ಲ. ಕಾಲುವೆಗೆ ನೀರು ಬಿಟ್ಟಾಗ ಮೇಲ್ಭಾಗದ ಹೊಲಗಳು ತುಂಬುತ್ತವೆ, ಕೊನೆಯ ಭಾಗದ ರೈತ ಮಾತ್ರ ಆಕಾಶ ನೋಡುತ್ತಾನೆ. ಲೆಕ್ಕದ ಪುಸ್ತಕದಲ್ಲಿ ನೀರು ಬಿಟ್ಟದ್ದು ನಿಜ, ಅವನ ಹೊಲ ಒಣಗಿದ್ದೂ ನಿಜ. ತರಗತಿಯೂ ಹಾಗೆಯೇ. ಶಿಕ್ಷಕ ಮುಂದಿನ ಎರಡು ಬೆಂಚುಗಳಿಗೆ ಪಾಠ ಮಾಡಿ "ಸಿಲೆಬಸ್ ಮುಗಿಯಿತು" ಎಂದು ಬರೆಯುತ್ತಾನೆ. ಕೊನೆಯ ಬೆಂಚಿನಲ್ಲಿ ಕುಳಿತವರು ಯಾರು? ಕೊಯ್ಲಿನ ಕಾಲದಲ್ಲಿ ತಂದೆ ತಾಯಿಯೊಂದಿಗೆ ಗುಳೆ ಹೋಗಿ ಬಂದವರು. ಮನೆಯಲ್ಲಿ ಉರ್ದುವನ್ನೋ ತೆಲುಗನ್ನೋ ಆಡಿ ಶಾಲೆಯಲ್ಲಿ ಕನ್ನಡಕ್ಕೆ ತಡವರಿಸುವವರು. ತಮ್ಮನನ್ನು ನೋಡಿಕೊಳ್ಳಲು ವಾರಕ್ಕೆ ಎರಡು ದಿನ ಮನೆಯಲ್ಲುಳಿಯುವ ಹುಡುಗಿಯರು. 6ರಿಂದ 14 ವರ್ಷದ ಮುಸ್ಲಿಂ ಮಕ್ಕಳಲ್ಲಿ ಶೇ. 25ರಷ್ಟು ಮಂದಿ ಶಾಲೆಯ ಮುಖವನ್ನೇ ನೋಡಿಲ್ಲ ಅಥವಾ ಅರ್ಧದಲ್ಲೇ ಬಿಟ್ಟಿದ್ದಾರೆ ಎಂದು 2006ರಲ್ಲಿ ಸಾಚಾರ್ ಸಮಿತಿ ಹೇಳಿತ್ತು. ಕೊನೆಯ ಬೆಂಚಿಗೆ ತಲುಪದ ಪಾಠವೇ ಮಗುವನ್ನು ಶಾಲೆಯಿಂದ ಹೊರಗೆ ತಳ್ಳುವ ಮೊದಲ ಕೈ.

ಶಿಕ್ಷಕರನ್ನು ಮಾತ್ರ ಕಟಕಟೆಯಲ್ಲಿ ನಿಲ್ಲಿಸುವುದು ನ್ಯಾಯವಲ್ಲ. ಶಿಕ್ಷಕರು ಶಾಲೆಗೇ ಬರುವುದಿಲ್ಲ ಎಂಬುದು ಜನಪ್ರಿಯ ಆರೋಪ. ಆದರೆ 2017ರಲ್ಲಿ ಅಝೀಂ ಪ್ರೇಮ್‌ಜಿ ಫೌಂಡೇಶನ್ ನಡೆಸಿದ ಅಧ್ಯಯನದಲ್ಲಿ, ಶಾಲೆಯಲ್ಲಿ ಇಲ್ಲದ ಶಿಕ್ಷಕರು ಶೇ. 18.5ರಷ್ಟಿದ್ದರೂ ಕಾರಣವಿಲ್ಲದೆ ಗೈರಾದವರು ಶೇ. 2.5 ಮಾತ್ರ. ಉಳಿದವರು ರಜೆಯಲ್ಲೋ ಸರಕಾರ ಕಳುಹಿಸಿದ ಕೆಲಸದಲ್ಲೋ ಇದ್ದರು. ಜನಗಣತಿ, ಚುನಾವಣೆ, ವಿಕೋಪ ಪರಿಹಾರ ಹೊರತು ಬೇರೆ ಕೆಲಸಕ್ಕೆ ಶಿಕ್ಷಕರನ್ನು ಬಳಸಬಾರದೆಂದು ಶಿಕ್ಷಣ ಹಕ್ಕು ಕಾಯಿದೆಯ 27ನೇ ಸೆಕ್ಷನ್ ಹೇಳುತ್ತದೆ. 2025ರ ಅಕ್ಟೋಬರ್‌ನಲ್ಲಿ ನಮ್ಮ ರಾಜ್ಯದಲ್ಲಿ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆಗಾಗಿ ದಸರಾ ರಜೆಯನ್ನೇ 18ರವರೆಗೆ ವಿಸ್ತರಿಸಲಾಯಿತು. ಸಮೀಕ್ಷೆ ಬೇಕು ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಆದರೆ ಅದರ ಬೆಲೆಯನ್ನು ಸರಕಾರಿ ಶಾಲೆಯ ಬಡ ಮಗುವೇ ಯಾಕೆ ತೆರಬೇಕು?

ನಮ್ಮ ಮನೆಯ ಕಸ

ಇನ್ನು ನಮ್ಮವರೇ ನಡೆಸುವ ಶಾಲೆಗಳ ವಿಷಯ. ಕಹಿಯಾದರೂ ಹೇಳಲೇಬೇಕು. ಪುಸ್ತಕದಲ್ಲಿ ಒಂದು ಸಂಬಳಕ್ಕೆ ಸಹಿ, ಕೈಗೆ ಮತ್ತೊಂದು ಸಂಬಳ ಎಂಬ ಪದ್ಧತಿ ಕೆಲವೆಡೆ ಇದೆ. ನೇಮಕಾತಿಗೆ ದೇಣಿಗೆ ಪಡೆಯುವುದಿದೆ. ಪ್ರತಿ ತಿಂಗಳೂ ಸುಳ್ಳು ಸಹಿ ಹಾಕುವ ಶಿಕ್ಷಕಿಯಿಂದ ಮಕ್ಕಳಿಗೆ ಸತ್ಯದ ಪಾಠ ಮಾಡಿಸುವ ಆಡಳಿತ ಮಂಡಳಿ ಯಾರನ್ನು ಮೋಸ ಮಾಡುತ್ತಿದೆ? ಮಸೀದಿಯ ಮಿನಾರಕ್ಕೆ ಲಕ್ಷಗಳನ್ನು ಸಂಗ್ರಹಿಸುವ ಜಮಾಅತ್‌ಗಳು ಮಕ್ತಬ್‌ನ ಉಸ್ತಾದರಿಗೆ ಕೊಡುವ ಸಂಬಳವನ್ನು ಒಮ್ಮೆ ನೋಡಿಕೊಳ್ಳಲಿ.

ಪೋಷಕರೂ ನಿರಪರಾಧಿಗಳಲ್ಲ. "ಹೇಗಾದರೂ ಪಾಸ್ ಮಾಡಿಸಿ ಸರ್" ಎಂದು ನನ್ನ ಮನೆಯ ಬಾಗಿಲಿಗೆ ಬಂದವರು ನೂರಾರು ಮಂದಿ. "ನನ್ನ ಮಗಳು ಓದುವುದನ್ನು ಕಲಿತಿದ್ದಾಳೆಯೇ?" ಎಂದು ಕೇಳಿಕೊಂಡು ಬಂದವರನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ನಾವು ಕೇಳಿದ್ದನ್ನೇ ವ್ಯವಸ್ಥೆ ನಮಗೆ ಕೊಟ್ಟಿದೆ.

ಆದ್ದರಿಂದ ಕೊನೆಯದಾಗಿ ಒಂದೆರಡು ವಿನಂತಿ. ತಂದೆ ತಾಯಂದಿರೇ, ವಾರಕ್ಕೊಮ್ಮೆ ಮಗುವನ್ನು ಕೂರಿಸಿಕೊಂಡು ಒಂದು ಪುಟ ಗಟ್ಟಿಯಾಗಿ ಓದಿಸಿ. ನಿಮಗೆ ಅಕ್ಷರ ಬಾರದಿದ್ದರೂ ಪರವಾಗಿಲ್ಲ, ತಡವರಿಕೆ ಕಿವಿಗೆ ತಿಳಿಯುತ್ತದೆ. ಅದು ತಿಳಿದ ಮರುದಿನ ಶಾಲೆಗೆ ಹೋಗಿ, ಜಗಳಕ್ಕಲ್ಲ, ಕೇಳುವುದಕ್ಕೆ. ಪೋಷಕರೊಂದಿಗೆ ಸಭೆ ನಡೆಸಿ ಮಗುವಿನ ಕಲಿಕೆಯನ್ನು ತಿಳಿಸುವುದು ಶಿಕ್ಷಕನ ಕರ್ತವ್ಯವೆಂದು ಕಾಯಿದೆಯ 24ನೇ ಸೆಕ್ಷನ್‌ನಲ್ಲಿದೆ. ಅದು ನಿಮ್ಮ ಹಕ್ಕು. ಶಿಕ್ಷಕ ಮಿತ್ರರೇ, ದಿನದ ಕೊನೆಯ ಹತ್ತು ನಿಮಿಷ ಕೊನೆಯ ಬೆಂಚಿನ ಬಳಿ ನಿಂತು ನೋಡಿ. ತಿಳಿಯಲಿಲ್ಲ ಎಂದ ಮಗುವಿಗೆ ಶಹಬ್ಬಾಸ್ ಹೇಳಿ. ಪರೀಕ್ಷೆಯ ದಿನ ಚೀಟಿ ಬರೆಯಲು ಕೈ ಮುಂದಾದರೆ, ಗಿರಣಿಯ ಮುಂದೆ ನನಗೆ ಚಹಾ ಕುಡಿಸಿದ ಆ ಯುವಕನನ್ನು ನೆನಪಿಸಿಕೊಳ್ಳಿ.

ಆತನಿಗೆ ನಾನು ಕೊಡಬೇಕಾಗಿದ್ದ ಹತ್ತು ವರ್ಷಗಳನ್ನು ಈಗ ಹಿಂದಿರುಗಿಸಲಾರೆ. ನಿವೃತ್ತಿಯ ನಂತರ ಅವನ ಮಗಳಿಗೂ ಆ ಕೇರಿಯ ಕೆಲವು ಮಕ್ಕಳಿಗೂ ಸಂಜೆ ಹೊತ್ತು ಲೆಕ್ಕ ಹೇಳಿಕೊಡುತ್ತಿದ್ದೇನೆ. ಕಳೆದ ತಿಂಗಳು ಆಕೆ ಭಿನ್ನರಾಶಿಯ ಲೆಕ್ಕವೊಂದನ್ನು ತಪ್ಪು ಮಾಡಿ, ತಾನೇ ಕಂಡುಹಿಡಿದು, ತಾನೇ ತಿದ್ದಿದಳು. ಹಾರ ಹಾಕಿಸಿಕೊಂಡ ದಿನ ಸಿಗದ ನೆಮ್ಮದಿ ಅಂದು ಸಿಕ್ಕಿತು.

ನಮ್ಮ ಕೈಗೆ ಒಪ್ಪಿಸಲಾದ ಅಮಾನತ್ತನ್ನು ಪ್ರಾಮಾಣಿಕವಾಗಿ ಹಿಂದಿರುಗಿಸುವ ಸಾಮರ್ಥ್ಯವನ್ನು ಅಲ್ಲಾಹನು ನಮಗೆಲ್ಲರಿಗೂ ಅನುಗ್ರಹಿಸಲಿ.