ನೆತ್ತರೊಳಗಿನ ಕಬ್ಬಿಣ

(ಪಂಚನಹಳ್ಳಿಯ ಕಲಿಕಾ ಕೇಂದ್ರದಲ್ಲಿ ಮಹಿಳೆಯರ ಮುಂದೆ ಆಡಿದ ಮಾತು)



ಇವತ್ತು ಸ್ಲೇಟು ಬಳಪ ಸ್ವಲ್ಪ ಹೊತ್ತು ಪಕ್ಕಕ್ಕಿಡಿ. ಮೊದಲು ನಮ್ಮದೇ ಒಂದು ತಪ್ಪನ್ನು ಹೇಳಿಕೊಳ್ಳುತ್ತೇವೆ.

ನಮ್ಮ ಕೇಂದ್ರಕ್ಕೆ ಒಬ್ಬ ತಾಯಿ ಬರುತ್ತಿದ್ದರು. ಹೊಲದ ಕೆಲಸ ಮುಗಿಸಿ, ಮುದ್ದೆ ಕಟ್ಟಿ, ಎಲ್ಲರಿಗೂ ಬಡಿಸಿ ಬರುತ್ತಿದ್ದರು. ಬಂದು ಕೂತ ಹತ್ತು ನಿಮಿಷಕ್ಕೆ ತೂಕಡಿಕೆ. ಎರಡು ಅಕ್ಷರ ಬರೆಯುವಷ್ಟರಲ್ಲಿ ಕೈ ಸೋಲುತ್ತಿತ್ತು. "ಮನಸ್ಸಿಟ್ಟು ಕಲೀಬೇಕಮ್ಮ" ಅಂತ ನಾವು ಗದರಿದೆವು. ಅವರು ಮೆಲ್ಲಗೆ ಹೇಳಿದರು: "ಟೀಚರ್, ನಾಲ್ಕು ಹೆಜ್ಜೆ ನಡೆದ್ರೆ ಏದುಸಿರು ಬರುತ್ತೆ. ಎದ್ದು ನಿಂತ್ರೆ ಕಣ್ಣು ಕತ್ಲೆ ಬರುತ್ತೆ. ನಾನೇನ್ ಮಾಡ್ಲಿ?"

ರಕ್ತ ಪರೀಕ್ಷೆ ಮಾಡಿಸಿದಾಗ ಕಾರಣ ಗೊತ್ತಾಯಿತು. ಅದು ಸೋಮಾರಿತನ ಅಲ್ಲ. ಅವರ ರಕ್ತದಲ್ಲಿ ಕಬ್ಬಿಣ ಸಾಲದಾಗಿತ್ತು.

ರಕ್ತದಲ್ಲಿ ಕಬ್ಬಿಣವೇ? ಕುಡುಗೋಲು ಮಾಡ್ತಾರಲ್ಲ, ಆ ಕಬ್ಬಿಣವೇ? ಹೌದು, ಅದೇ. ಹೇಗೆ ಅಂತ ನೋಡೋಣ.

ನಮ್ಮ ಜಿಲ್ಲೆಯಲ್ಲೇ, ತರೀಕೆರೆ ತಾಲ್ಲೂಕಿನಲ್ಲಿ, ಕೆಮ್ಮಣ್ಣುಗುಂಡಿ ಇದೆ. ಹೆಸರೇ ಹೇಳುತ್ತದೆ, ಕೆಂಪು ಮಣ್ಣಿನ ಗುಂಡಿ. ಆ ಮಣ್ಣಿನಲ್ಲಿ ಕಬ್ಬಿಣ ಇದೆ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾಯಿತು. ಕೆಮ್ಮಣ್ಣುಗುಂಡಿಯ ಅದಿರು ಅಲ್ಲಿಗೆ ಹೋಗುತ್ತಿತ್ತು.

ಕಬ್ಬಿಣ ಕಪ್ಪಗಿರುತ್ತದೆ. ಮಣ್ಣು ಯಾಕೆ ಕೆಂಪಾಯಿತು? ಮಳೆಯಲ್ಲಿ ಬಿಟ್ಟ ಕುಡುಗೋಲನ್ನು ನೆನೆಸಿಕೊಳ್ಳಿ. ನಾಲ್ಕು ದಿನಕ್ಕೆ ಕೆಂಪು ತುಕ್ಕು ಹಿಡಿಯುತ್ತದೆ. ಗಾಳಿಯಲ್ಲಿ ಆಮ್ಲಜನಕ ಅನ್ನುವ ಅಂಶ ಇದೆ. ನಮ್ಮ ಉಸಿರಿಗೆ ಬೇಕಾದದ್ದು ಅದೇ. ಕಬ್ಬಿಣಕ್ಕೂ ಆಮ್ಲಜನಕಕ್ಕೂ ಬಹಳ ನಂಟು. ತೇವ ಇದ್ದರೆ ಎರಡೂ ಕೂಡಿಕೊಳ್ಳುತ್ತವೆ. ಅದೇ ತುಕ್ಕು. ಕೆಮ್ಮಣ್ಣಿನ ಕೆಂಪೂ ಅಂಥದ್ದೇ.

ನಮ್ಮ ರಕ್ತಕ್ಕೂ ಈ ನಂಟೇ ಬೇಕು. ರಕ್ತದಲ್ಲಿ ಹಿಮೋಗ್ಲೋಬಿನ್ ಅನ್ನುವ ಕೆಂಪು ಪದಾರ್ಥ ಇದೆ. ಅದರೊಳಗೆ ಕಬ್ಬಿಣ ಕೂತಿದೆ. ಆದರೆ ಒಂದು ವ್ಯತ್ಯಾಸ ಇದೆ. ತುಕ್ಕಿನ ಕಬ್ಬಿಣ ಹಿಡಿದ ಆಮ್ಲಜನಕವನ್ನು ಬಿಡುವುದಿಲ್ಲ. ರಕ್ತದ ಕಬ್ಬಿಣ ಶ್ವಾಸಕೋಶದಲ್ಲಿ ಅದನ್ನು ಹಿಡಿದುಕೊಳ್ಳುತ್ತದೆ. ಕೈಗೆ, ಕಾಲಿಗೆ, ತಲೆಗೆ ಹೊತ್ತುಕೊಂಡು ಹೋಗುತ್ತದೆ. ಅಲ್ಲಿ ಬಿಟ್ಟುಕೊಟ್ಟು ಮತ್ತೆ ತರಲು ಬರುತ್ತದೆ. ತುಂಬಿದ ಕೊಡ ಹೊತ್ತು ತಂದು ಮನೆಮನೆಗೆ ಸುರಿದ ಹಾಗೆ.

ಈ ಆಮ್ಲಜನಕ ಯಾಕೆ ಬೇಕು? ಇಗೋ, ಉರಿಯುವ ದೀಪದ ಮೇಲೆ ಗಾಜಿನ ಲೋಟ ಬೋರಲು ಹಾಕಿದ್ದೇವೆ. ನೋಡಿ, ದೀಪ ಆರಿತು. ಎಣ್ಣೆ ಇದೆ, ಬತ್ತಿ ಇದೆ. ಬೇಕಾದಷ್ಟು ಆಮ್ಲಜನಕ ಇಲ್ಲ. ನಮ್ಮ ಮೈಯೂ ಹಾಗೆಯೇ. ಉಂಡ ಅನ್ನ ಮೈಯೊಳಗೆ ಮೆಲ್ಲಗೆ ಉರಿಯಬೇಕು. ಬೆಂಕಿ ಕಾಣಿಸುವುದಿಲ್ಲ, ಆದರೆ ಶಾಖ ಬರುತ್ತದೆ, ಶಕ್ತಿ ಬರುತ್ತದೆ.

ಉರಿಯುವುದು ನಿಜವೇ ಅಂತ ಕೇಳಬಹುದು. ಈ ಲೋಟದಲ್ಲಿ ಸುಣ್ಣದ ತಿಳಿ ಇದೆ. ವೀಳ್ಯಕ್ಕೆ ಹಚ್ಚುವ ಸುಣ್ಣವನ್ನೇ ನಿನ್ನೆ ನೀರಿನಲ್ಲಿ ಕದಡಿ ಇಟ್ಟಿದ್ದೆವು. ಈಗ ಪರಂಗಿ ಎಲೆಯ ದಂಟಿನಿಂದ ಅದರೊಳಗೆ ಊದುತ್ತೇವೆ. ಊದಬೇಕು ಅಷ್ಟೇ, ಒಳಕ್ಕೆ ಎಳೆಯಬಾರದು. ನೋಡಿ, ತಿಳಿ ನೀರು ಹಾಲಿನ ಹಾಗಾಯಿತು. ನಾವು ಬಿಡುವ ಉಸಿರಿನಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀಗೆ ಮಾಡಿತು. ಒಲೆಯಲ್ಲಿ ಸೌದೆ ಉರಿದಾಗ ಬರುವುದೂ ಅದೇ ಅನಿಲ. ನಮ್ಮೊಳಗೂ ಒಂದು ಒಲೆ ಇದೆ ಅನ್ನುವುದಕ್ಕೆ ಇದೇ ಗುರುತು.

ರಕ್ತದಲ್ಲಿ ಕಬ್ಬಿಣ ಕಡಿಮೆಯಾದರೆ ಕೊಡ ಹೊರುವವರು ಕಡಿಮೆಯಾದ ಹಾಗೆ. ಒಳಗಿನ ಒಲೆ ಮಂದವಾಗುತ್ತದೆ. ಸುಸ್ತು, ಏದುಸಿರು, ತಲೆಸುತ್ತು, ಎದೆಬಡಿತ ಬರುತ್ತವೆ. ರೆಪ್ಪೆಯ ಒಳಭಾಗ, ಉಗುರು ಬಿಳಿಚಿಕೊಳ್ಳುತ್ತವೆ. ಇದೇ ರಕ್ತಹೀನತೆ.

ನಮ್ಮ ಇಡೀ ಮೈಯಲ್ಲಿರುವ ಕಬ್ಬಿಣ ಎರಡರಿಂದ ನಾಲ್ಕು ಗ್ರಾಂ ಮಾತ್ರ. ಒಂದು ಸಣ್ಣ ಮೊಳೆಯಷ್ಟು. ಅದರಲ್ಲೂ ಹೆಂಗಸರಿಗೆ ತಿಂಗಳು ತಿಂಗಳು ಸ್ವಲ್ಪ ಹೋಗುತ್ತದೆ. ಬಸುರಿನಲ್ಲಿ ಮಗುವಿಗೆ ಹೋಗುತ್ತದೆ. ಹೆರಿಗೆಯಲ್ಲಿ ಹೋಗುತ್ತದೆ. ಬರಿಗಾಲಲ್ಲಿ ಬಯಲಿಗೆ ಹೋದರೆ ಕೊಕ್ಕೆಹುಳು ಕಾಲಿನಿಂದ ಒಳಹೊಕ್ಕು ಕರುಳಲ್ಲಿ ರಕ್ತ ಹೀರುತ್ತದೆ. ಖರ್ಚು ಇಷ್ಟು. ಜಮೆ ಎಷ್ಟು? ಎಲ್ಲರೂ ಉಂಡ ಮೇಲೆ ತಳದಲ್ಲಿ ಉಳಿದದ್ದು!

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಒಂದು ಲೆಕ್ಕ ಇದೆ. ಕರ್ನಾಟಕದಲ್ಲಿ 15ರಿಂದ 49 ವರ್ಷದ ಹೆಂಗಸರಲ್ಲಿ 100ಕ್ಕೆ ಸುಮಾರು 48 ಜನರಿಗೆ ರಕ್ತಹೀನತೆ ಇತ್ತು. ಹೆಚ್ಚುಕಡಿಮೆ ಇಬ್ಬರಲ್ಲಿ ಒಬ್ಬರು. ನಿಮ್ಮ ಪಕ್ಕ ಕೂತವರನ್ನು ಒಮ್ಮೆ ನೋಡಿ.

ಕಬ್ಬಿಣ ಎಲ್ಲಿ ಸಿಗುತ್ತದೆ? ನಮ್ಮ ಹೊಲದಲ್ಲೇ ಇದೆ. ರಾಗಿ, ಹುರುಳಿ, ಹೆಸರುಕಾಳು, ನುಗ್ಗೆಸೊಪ್ಪು, ದಂಟಿನ ಸೊಪ್ಪು. ಮಾಂಸ ತಿನ್ನುವವರಿಗೆ ಮಾಂಸದಿಂದ ಇನ್ನೂ ಸುಲಭವಾಗಿ ಸಿಗುತ್ತದೆ. ಕಾಳುಸೊಪ್ಪಿನ ಕಬ್ಬಿಣ ಎಲ್ಲವೂ ಮೈಗೆ ಹತ್ತುವುದಿಲ್ಲ. ಬಹಳಷ್ಟು ಹಾಗೇ ಹೊರಗೆ ಹೋಗುತ್ತದೆ. ಹತ್ತುವ ಹಾಗೆ ಮಾಡುವುದು ಹುಳಿ. ಬಸ್ಸಾರಿಗೆ ನಿಂಬೆಹಣ್ಣು ಹಿಂಡಿ. ಊಟದ ಜೊತೆ ನೆಲ್ಲಿಕಾಯಿ, ಸೀಬೆಹಣ್ಣು ತಿನ್ನಿ. ಅವುಗಳಲ್ಲಿರುವ ಸಿ ಜೀವಸತ್ವ ಕಬ್ಬಿಣವನ್ನು ಕರಗುವ ಹಾಗೆ ಇಡುತ್ತದೆ. ಕಾಳನ್ನು ಮೊಳಕೆ ಕಟ್ಟಿದರೂ ಅನುಕೂಲ. ಕಬ್ಬಿಣದ ಬಾಣಲೆಯಲ್ಲಿ ಹುಳಿ ಪಲ್ಯ ಮಾಡಿದರೆ ಬಾಣಲೆಯ ಕಬ್ಬಿಣವೇ ಸ್ವಲ್ಪ ಸಾರಿಗೆ ಇಳಿಯುತ್ತದೆ.

ಕೆಡಿಸುವುದು ಯಾವುದು? ಇಗೋ, ಈ ಲೋಟದಲ್ಲಿ ಹಾಲು ಹಾಕದ ಟೀ ಡಿಕಾಕ್ಷನ್ ಇದೆ. ಕಬ್ಬಿಣದ ಮಾತ್ರೆಯೊಂದನ್ನು ಪುಡಿ ಮಾಡಿ ಹಾಕುತ್ತೇವೆ. ನೋಡಿ, ಕಪ್ಪಾಯಿತು! ಇದು ಶಾಯಿ. ಹಿಂದಿನವರು ಅಳಲೆಕಾಯಿಯ ಕಷಾಯಕ್ಕೆ ಅನ್ನಭೇದಿ ಹಾಕಿ ಶಾಯಿ ಮಾಡುತ್ತಿದ್ದರು. ಅಳಲೆಯಲ್ಲಿ ಒಗರು ಇದೆ, ಅನ್ನಭೇದಿಯಲ್ಲಿ ಕಬ್ಬಿಣ ಇದೆ. ಟೀಯಲ್ಲೂ ಒಗರು ಇದೆ. ಊಟ ಆದ ತಕ್ಷಣ ಟೀ ಕುಡಿದರೆ ಒಗರು ಹೊಟ್ಟೆಯಲ್ಲಿ ಕಬ್ಬಿಣವನ್ನು ಹಿಡಿದುಹಾಕುತ್ತದೆ. ಶಾಯಿ ಹಾಳೆಗೆ ಚೆನ್ನ, ಹೊಟ್ಟೆಗೆ ಬೇಡ. ಟೀ ಬೇಕೇ ಬೇಕು ಅಂದರೆ ಊಟ ಆಗಿ ಒಂದು ಗಂಟೆ ಬಿಟ್ಟು ಕುಡಿಯಿರಿ. ಅಂಗಡಿಯ ಅನ್ನಭೇದಿಯನ್ನು ಯಾರೂ ತಿನ್ನಬಾರದು, ಅದು ಔಷಧಿ ಅಲ್ಲ.

ಇನ್ನು ಆಶಾ ಅಕ್ಕ ಕೊಡುವ ಮಾತ್ರೆ. "ಅದು ತಿಂದ್ರೆ ಮಲ ಕಪ್ಪಗೆ ಹೋಗುತ್ತೆ, ಭಯ ಆಗುತ್ತೆ" ಅಂತ ಬಹಳ ಜನ ಬಿಸಾಡುತ್ತಾರೆ. ಭಯ ಬೇಡ. ಮೈಗೆ ಹತ್ತದೆ ಉಳಿದ ಕಬ್ಬಿಣ ಹಾಗೆ ಹೋಗುತ್ತದೆ. ಹೊಟ್ಟೆ ತೊಳಸಿದರೆ ಊಟದ ನಂತರ, ಮಲಗುವ ಮುಂಚೆ ತೆಗೆದುಕೊಳ್ಳಿ. ಬಸುರಿಯರು ನಾಲ್ಕನೇ ತಿಂಗಳಿಂದ ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ ನುಂಗಬೇಕು. ಸುಣ್ಣಾಂಶದ ಮಾತ್ರೆಯನ್ನು ಇದರ ಜೊತೆ ನುಂಗಬೇಡಿ. ಎರಡು ಗಂಟೆ ಅಂತರ ಇರಲಿ. ಮಾತ್ರೆ ಮಕ್ಕಳ ಕೈಗೆ ಸಿಗದಂತೆ ಇಡಿ. ಮಿಠಾಯಿ ಅಂತ ಮಗು ಹಲವು ನುಂಗಿದರೆ ಜೀವಕ್ಕೇ ಅಪಾಯ.

ಕೊನೆಯ ಮಾತು. ನಿಮಗೆ ಈಗ ಅಂಕಿ ಬರುತ್ತದೆ. ಆರೋಗ್ಯ ಕೇಂದ್ರದಲ್ಲಿ ಬೆರಳು ಚುಚ್ಚಿ ಒಂದು ಹನಿ ರಕ್ತ ನೋಡುತ್ತಾರೆ. ಚೀಟಿಯಲ್ಲಿ 'ಎಚ್‌ಬಿ' ಅಂತ ಇಂಗ್ಲಿಷಿನ ಎರಡು ಅಕ್ಷರ ಬರೆದು, ಮುಂದೆ ಒಂದು ಅಂಕಿ ಹಾಕುತ್ತಾರೆ. ಅದು ಹಿಮೋಗ್ಲೋಬಿನ್ ಲೆಕ್ಕ. ಆ ಅಂಕಿಯನ್ನು ನೀವೇ ಓದಿ. ಹೆಂಗಸರಿಗೆ 12 ಇರಬೇಕು. ಬಸುರಿಗೆ 11 ಆದರೂ ಇರಬೇಕು. ಕಡಿಮೆ ಇದ್ದರೆ "ಯಾಕೆ ಕಡಿಮೆ, ಏನು ಮಾಡಬೇಕು?" ಅಂತ ಕೇಳಿ. ಬೇರೆ ಕಾರಣವೂ ಇರಬಹುದು. 7ಕ್ಕಿಂತ ಕೆಳಗಿದ್ದರೆ ಅವತ್ತೇ ವೈದ್ಯರನ್ನು ಕಾಣಿ.

ನಾವು ಗದರಿದ ಆ ತಾಯಿಯ ಚೀಟಿಯಲ್ಲಿ 8 ಇತ್ತು. ಮಾತ್ರೆ ನುಂಗಿದರು. ಸೊಪ್ಪು, ನಿಂಬೆ ತಿಂದರು. ಮನೆಯವರ ಜೊತೆಗೇ ಕೂತು ಉಣ್ಣತೊಡಗಿದರು. ಕೆಲವು ತಿಂಗಳ ಮೇಲೆ ಹೊಸ ಚೀಟಿ ತಂದು ನಮ್ಮ ಮುಂದೆ ಹಿಡಿದರು. "ಟೀಚರ್, ನೀವು ಓದ್ಬೇಡಿ, ನಾನೇ ಓದ್ತೀನಿ. ಹನ್ನೊಂದು!" ಅಂದರು.

ನಾಳೆ ನಾವೆಲ್ಲ ಸೇರಿ ಆರೋಗ್ಯ ಕೇಂದ್ರಕ್ಕೆ ಹೋಗೋಣ. ಅವರವರ ಅಂಕಿಯನ್ನು ಅವರವರೇ ಓದೋಣ.