ತಕ್ಕಡಿಗೆ ತಿಳಿಯದ ಬೆಲೆ

ಮನೆಗೆ ಹೊಸದೊಂದು ಒಡವೆ ಬಂದಿತೆಂದರೆ ನಾವು ಮೊದಲು ಕೇಳುವ ಪ್ರಶ್ನೆ ಯಾವುದು? “ಎಷ್ಟು ತೂಕ?” ಎಂದು. ಎರಡನೆಯದು, “ಯಾವ ಅಂಗಡಿಯದು?” ಎಂದು. “ಇದರ ರೂಪವನ್ನು ಕಲ್ಪಿಸಿದವರು ಯಾರು?” ಎಂಬ ಮೂರನೆಯ ಪ್ರಶ್ನೆ ನಮ್ಮ ನಾಲಗೆಗೆ ಬರುವುದು ಬಲು ಅಪರೂಪ. ಕೆಲವು ವರ್ಷಗಳ ಹಿಂದೆ ನಮ್ಮ ಮನೆಯಲ್ಲಿಯೇ ಅಜ್ಜಿಯ ಕಾಲದ ಜಡೆಬಿಲ್ಲೆಯೊಂದನ್ನು ಕರಗಿಸಿ ಬಳೆ ಮಾಡಿಸಿದೆವು. ಚಿನ್ನಕ್ಕೆ ಚಿನ್ನ ಸರಿಹೋಯಿತು. ಲೆಕ್ಕದಲ್ಲಿ ನಷ್ಟವೇನೂ ಕಾಣಲಿಲ್ಲ. ಆದರೆ ಆ ಬಿಲ್ಲೆಯ ಮೇಲಿದ್ದ ಜೋಡಿ ಹಂಸಗಳು ಎಲ್ಲಿ ಹೋದವು? ಅವುಗಳನ್ನು ಮೂಡಿಸಿದ ಅಕ್ಕಸಾಲಿಗನ ಹೆಸರನ್ನಾದರೂ ನಾವು ಬಲ್ಲೆವೆ? ಈ ಪ್ರಶ್ನೆಯನ್ನು ಮನಸ್ಸಿನಲ್ಲಿಟ್ಟುಕೊಂಡು, ಇಪ್ಪತ್ತನೆಯ ಶತಮಾನದ ಆದಿಯಲ್ಲಿ ಯೂರೋಪಿನಲ್ಲಿ ಒಡವೆಗಳ ರೂಪವನ್ನು ಕಲ್ಪಿಸಿದ ಇಬ್ಬರ ವಿಚಾರವನ್ನು ಈ ಹೊತ್ತು ಹೇಳಬೇಕೆಂದಿದ್ದೇವೆ. ಒಬ್ಬನ ಹೆಸರು ಲೋಕವಿಖ್ಯಾತ. ಇನ್ನೊಬ್ಬಳದು ಬಹುಕಾಲ ಮರೆಯಲ್ಲಿಯೇ ಉಳಿದುದು.

ಮೊದಲನೆಯವನು ಫ್ರಾನ್ಸಿನ ರೆನೆ ಲಲೀಕ್. 1860ರಲ್ಲಿ ಷಾಂಪೇನ್ ಪ್ರಾಂತದಲ್ಲಿ ಹುಟ್ಟಿ, ಎಳೆಯ ವಯಸ್ಸಿನಲ್ಲಿಯೇ ಪ್ಯಾರಿಸ್ಸಿನ ಆಭರಣಕಾರನೊಬ್ಬನ ಬಳಿ ಕೆಲಸ ಕಲಿತನು. ಆ ಕಾಲದ ಶ್ರೀಮಂತರಿಗೆ ಒಡವೆಯೆಂದರೆ ವಜ್ರಗಳ ಸಾಲು. ಕಲ್ಲು ದೊಡ್ಡದಾದಷ್ಟೂ ಒಡವೆ ದೊಡ್ಡದು. ಲಲೀಕನು ಈ ಎಣಿಕೆಯನ್ನು ಒಪ್ಪಲಿಲ್ಲ. ಅಲ್ಪಬೆಲೆಯ ಕೊಂಬನ್ನೂ ಗಾಜನ್ನೂ ಚಿನ್ನದ ಪಕ್ಕದಲ್ಲಿ ಕೂರಿಸಿದನು. ಲೋಹದ ಸಣ್ಣ ಚೌಕಟ್ಟುಗಳ ನಡುವೆ ಹಿಂಬದಿಯ ತಗಡೇ ಇಲ್ಲದಂತೆ ಬಣ್ಣದ ಎನಾಮೆಲನ್ನು ತುಂಬಿ, ಬೆಳಕು ಅದರೊಳಗಿಂದ ಹಾದುಬರುವಂತೆ ಮಾಡಿದನು. ನಮ್ಮ ಮಕ್ಕಳು ‘ಏರೋಪ್ಲೇನ್ ಚಿಟ್ಟೆ’ ಎನ್ನುವ ಕೀಟದ ಗಾಜಿನಂಥ ರೆಕ್ಕೆಯನ್ನು ನೆನೆದುಕೊಂಡರೆ ಈ ಕೆಲಸದ ಸೊಗಸು ತಿಳಿದೀತು. ಅವನ ಅತಿ ಪ್ರಸಿದ್ಧವಾದ ಎದೆಪದಕವೂ ಅದೇ ಕೀಟದ ರೂಪದ್ದು. ಅದರ ಬಾಯಿಂದ ಹಸುರು ಕಲ್ಲಿನಲ್ಲಿ ಕಡೆದ ಸ್ತ್ರೀಮೂರ್ತಿಯೊಂದು ಅರ್ಧ ಹೊರಬಂದಿದೆ. ರೆಕ್ಕೆ ಹರಡಿದರೆ ಒಂದು ಗೇಣಿಗೂ ಮಿಕ್ಕ ಅಗಲ. ಗುಲ್ಬೆಂಕಿಯನ್ ಎಂಬ ಧನಿಕನು ಕೊಂಡ ಆ ಪದಕವನ್ನು ಲಿಸ್ಬನ್ನಿನಲ್ಲಿ ಅವನ ಹೆಸರಿನ ವಸ್ತುಸಂಗ್ರಹಾಲಯದಲ್ಲಿ ಇಟ್ಟಿದ್ದಾರೆ. 1900ರ ಪ್ಯಾರಿಸ್ ಮಹಾಪ್ರದರ್ಶನದಲ್ಲಿ ಲಲೀಕನ ಕೀರ್ತಿ ಶಿಖರವನ್ನು ಮುಟ್ಟಿತು.

ಅದೇ ಪ್ರದರ್ಶನಕ್ಕೆ ರಷ್ಯದಿಂದ ಕಾರ್ಲ್ ಫಾಬೆರ್ಜೆಯ ಸಂಸ್ಥೆಯೂ ಬಂದಿದ್ದಿತು. ರಷ್ಯದ ಚಕ್ರವರ್ತಿಗಳು ಈಸ್ಟರ್ ಹಬ್ಬದಲ್ಲಿ ತಮ್ಮ ರಾಣಿಯರಿಗೆ ಉಡುಗೊರೆ ಕೊಡುತ್ತಿದ್ದ ರತ್ನಖಚಿತವಾದ ಮೊಟ್ಟೆಗಳನ್ನು ಮಾಡಿದ ಸಂಸ್ಥೆ ಅದು. ಲಲೀಕನ ಒಡವೆಯಲ್ಲಿ ಲಲೀಕನೇ ಕಾಣುತ್ತಾನೆ. ಫಾಬೆರ್ಜೆಯ ಒಡವೆಯ ಹಿಂದಾದರೋ ನೂರಾರು ಕೈಗಳು. ಹೆಸರು ಮಾತ್ರ ಒಂದೇ.

ಆ ಕೈಗಳಲ್ಲಿ ಒಂದು ಆಲ್ಮಾ ಪೀಲ್ ಎಂಬ ತರುಣಿಯದು. 1888ರಲ್ಲಿ ಹುಟ್ಟಿದ ಈಕೆ 1909ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ಸೋದರಮಾವನ ಕಾರ್ಯಾಗಾರವನ್ನು ಸೇರಿದಳು. ಆ ಕಾರ್ಯಾಗಾರ ಫಾಬೆರ್ಜೆಗೆ ಒಡವೆಗಳನ್ನು ಮಾಡಿಕೊಡುತ್ತಿದ್ದಿತು. ಸಿದ್ಧವಾದ ಒಡವೆಗಳ ಚಿತ್ರಗಳನ್ನು ಪುಸ್ತಕದಲ್ಲಿ ಬರೆದಿಡುವುದಷ್ಟೇ ಅವಳ ಮೊದಲ ಉದ್ಯೋಗ. ಬರೆಯುತ್ತ ಬರೆಯುತ್ತ ತಾನೇ ಹೊಸ ರೂಪಗಳನ್ನು ಕಲ್ಪಿಸತೊಡಗಿದಳು. ಚಳಿಗಾಲದ ಒಂದು ದಿನ ಕಾರ್ಯಾಗಾರದ ಕಿಟಕಿಯ ಗಾಜಿನ ಮೇಲೆ ಹಿಮವು ಹೂಬಳ್ಳಿಗಳಂತೆ ಹೆಪ್ಪುಗಟ್ಟಿದ್ದುದನ್ನು ಕಂಡಳೆಂದೂ ಅದರಿಂದಲೇ ಅವಳ ಹಿಮದ ಒಡವೆಗಳು ಹುಟ್ಟಿದುವೆಂದೂ ಹೇಳುತ್ತಾರೆ. 1913ರಲ್ಲಿ ಎರಡನೆಯ ನಿಕೊಲಾಸ್ ಚಕ್ರವರ್ತಿಯು ತನ್ನ ತಾಯಿಗೆ ಕೊಟ್ಟ ‘ಚಳಿಗಾಲದ ಮೊಟ್ಟೆ’ಯ ಕಲ್ಪನೆ ಇವಳದು. ತಿಳಿಸ್ಫಟಿಕದ ಮೊಟ್ಟೆ, ಮೇಲೆ 1,660 ಸಣ್ಣ ವಜ್ರಗಳ ಹಿಮ, ಕರಗುವ ಮಂಜಿನ ಗಡ್ಡೆಯಂತಿರುವ ಪೀಠ. ತೆರೆದರೆ ಒಳಗೆ ಬಿಳಿಯ ಕಲ್ಲಿನಲ್ಲಿ ಕಡೆದ ವಸಂತದ ಕಾಡುಹೂಗಳ ಬುಟ್ಟಿ. ಶಿಶಿರದ ಗರ್ಭದಲ್ಲಿ ವಸಂತ! ಆಗ ಅವಳ ವಯಸ್ಸು ಇಪ್ಪತ್ತನಾಲ್ಕು. ಮರುವರ್ಷ, ಅತ್ತೆಯು ಬೆಂಕಿಯ ಬಳಿ ಕುಳಿತು ಹಾಕುತ್ತಿದ್ದ ಕಸೂತಿಯನ್ನು ನೋಡಿ, ರತ್ನಗಳಲ್ಲಿಯೇ ಕಸೂತಿ ಹಾಕಿದಂತಹ ಇನ್ನೊಂದು ಮೊಟ್ಟೆಯನ್ನು ಕಲ್ಪಿಸಿದಳು.

1917ರ ಕ್ರಾಂತಿ ಎಲ್ಲವನ್ನೂ ತಲೆಕೆಳಗು ಮಾಡಿತು. ಫಾಬೆರ್ಜೆ ದೇಶ ಬಿಟ್ಟು 1920ರಲ್ಲಿ ಸ್ವಿಟ್ಜರ್ಲೆಂಡಿನಲ್ಲಿ ತೀರಿಕೊಂಡನು. ಆಲ್ಮಾ 1921ರಲ್ಲಿ ಗಂಡನೊಡನೆ ಫಿನ್ಲೆಂಡಿಗೆ ಹೋಗಿ, ಕಾಗದದ ಕಾರ್ಖಾನೆಯ ಊರೊಂದರಲ್ಲಿ ಶಾಲೆಯ ಮಕ್ಕಳಿಗೆ ಚಿತ್ರ ಬರೆಯುವುದನ್ನು ಕಲಿಸುತ್ತ ಕಾಲ ಕಳೆದಳು. ಎದುರಿಗೆ ನಿಂತಿದ್ದ ಉಪಾಧ್ಯಾಯಿನಿ ಯಾರೆಂಬುದು ಆ ಮಕ್ಕಳಿಗೆ ತಿಳಿಯದು. 1976ರಲ್ಲಿ ಆಕೆ ಕಾಲವಾದಳು. ಸೋವಿಯತ್ ಸರ್ಕಾರದಿಂದ ಲಂಡನ್ನಿನ ವ್ಯಾಪಾರಿಗಳು 450 ಪೌಂಡಿಗೆ ಕೊಂಡಿದ್ದ ಆ ಚಳಿಗಾಲದ ಮೊಟ್ಟೆ 2002ರಲ್ಲಿ ನ್ಯೂಯಾರ್ಕಿನ ಹರಾಜಿನಲ್ಲಿ ಸುಮಾರು 96 ಲಕ್ಷ ಡಾಲರಿಗೆ ಹೋಯಿತು. ಈ ನಡುವೆ ಸ್ಫಟಿಕದ ತೂಕವೇನೂ ಹೆಚ್ಚಿರಲಿಲ್ಲ.

ಅಂದು ಆಲ್ಮಾ ಒಡವೆಗಳ ಚಿತ್ರ ಬರೆದಿಟ್ಟ ಕಾರ್ಯಾಗಾರದ ಪುಸ್ತಕಗಳಲ್ಲಿ ಕೆಲವು ಉಳಿದುಬಂದಿವೆ. ಚಿನ್ನವು ಕೈಯಿಂದ ಕೈಗೆ ಹೋಯಿತು, ರಾಜ್ಯವೇ ಅಳಿಯಿತು. ಕಾಗದದ ಮೇಲಿನ ಗೆರೆ ನಿಂತಿತು. ನಮ್ಮ ಮನೆಯ ಹಂಸಗಳಿಗೆ ಆ ಭಾಗ್ಯವೂ ಇಲ್ಲ. ಆದುದರಿಂದ ನಮ್ಮ ಬಿನ್ನಹ ಇಷ್ಟೆ: ಹಳೆಯ ಒಡವೆಯನ್ನು ಕರಗಿಸಲೇಬೇಕಾದರೆ ಕರಗಿಸಿರಿ, ಅದಕ್ಕೆ ಮೊದಲು ಅದರ ಚಿತ್ರವನ್ನಾದರೂ ತೆಗೆದಿಡಿ. ಹೊಸದನ್ನು ಮಾಡಿಸುವಾಗ ತೂಕವನ್ನು ಕೇಳಿದ ಮೇಲೆ, ಮಾಡಿದವನ ಹೆಸರನ್ನೂ ಒಮ್ಮೆ ಕೇಳಿರಿ. ಆ ಪ್ರಶ್ನೆಗೆ ಯಾವ ಅಂಗಡಿಯವನೂ ಬೆಲೆ ಕಟ್ಟಿ ಕೇಳಲಾರನು.