ಭಾವಚಿಂತಾರತ್ನದ ಮಗು

ಪುರಾಣಕಾವ್ಯಗಳನ್ನು ಪಾಠ ಹೇಳುವವನಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ: ‘ಸತ್ತವರು ಎದ್ದು ಬರುವುದುಂಟೇ, ಸಾರ್?’ ತುಮಕೂರಿನ ತರಗತಿಗಳಲ್ಲಿ ನಾನಿದನ್ನು ವರ್ಷವರ್ಷವೂ ಕೇಳಿದ್ದೇನೆ. ಉಂಟೆಂದರೆ ಬುದ್ಧಿ ಒಪ್ಪದು. ಇಲ್ಲವೆಂದು ಪುಸ್ತಕ ಮುಚ್ಚಿದರೆ ಕಾವ್ಯ ಉಳಿಯದು. ಕಥೆಯನ್ನು ಅಂತರಂಗದ ಪುನರುಜ್ಜೀವನಕ್ಕೆ ಸಂಕೇತವೆಂದು ಓದುವುದು ಇವೆರಡರ ನಡುವಣ ದಾರಿ. ಅದು ಎಷ್ಟು ದೂರ ಸಾಗುತ್ತದೆಂಬುದನ್ನು ನಮ್ಮ ಜಿಲ್ಲೆಯ ಕವಿಯೊಬ್ಬನಲ್ಲೇ ಪರೀಕ್ಷಿಸಬಹುದು.

ಗುಬ್ಬಿಯ ಮಲ್ಲಣಾರ್ಯ 1513ರಲ್ಲಿ ‘ಭಾವಚಿಂತಾರತ್ನ’ವನ್ನೂ 1530ರಲ್ಲಿ ‘ವೀರಶೈವಾಮೃತ ಪುರಾಣ’ವನ್ನೂ ರಚಿಸಿದ. ಮೊದಲನೆಯದು ಸತ್ಯೇಂದ್ರಚೋಳನ ಕಥೆ. ಪಂಚಾಕ್ಷರಿಯ ಮಹಿಮೆಯನ್ನು ಸಾರುವುದು ಅದರ ಉದ್ದೇಶ. ರಾಜಕುಮಾರನ ಕುದುರೆಯ ಓಟಕ್ಕೆ ಸಿಕ್ಕಿ ಬೀದಿಯಲ್ಲಿ ಒಂದು ಮಗು ಸಾಯುತ್ತದೆ. ತಾಯಿ ಬಂದು ನ್ಯಾಯ ಕೇಳುತ್ತಾಳೆ. ಅರಸ ತನ್ನ ಮಗನಿಗೇ ಮರಣದಂಡನೆ ವಿಧಿಸುತ್ತಾನೆ. ಸಾವಿನ ಬೆನ್ನಿಗೆ ಸಾವು. ಕಡೆಗೆ ಶಿವನು ಪ್ರತ್ಯಕ್ಷನಾಗಿ ಎಲ್ಲರನ್ನೂ ಬದುಕಿಸುತ್ತಾನೆ.

ತಮಿಳಿನಲ್ಲಿ ಇದನ್ನು ಹೋಲುವ ತಿರುವಾರೂರಿನ ಮನುನೀತಿಚೋಳನ ಕಥೆಯಿದೆ. ಅಲ್ಲಿ ರಥಕ್ಕೆ ಸಿಕ್ಕಿ ಸಾಯುವುದು ಕರು. ತಾಯಿಹಸು ಅರಮನೆಯ ಗಂಟೆ ಬಾರಿಸಬಲ್ಲುದು, ಅಷ್ಟೆ. ಕನ್ನಡದಲ್ಲಿ ತಾಯಿಗೆ ಮಾತು ಬಂದಿದೆ. 17ನೆಯ ಶತಮಾನದಲ್ಲಿ ಷಡಕ್ಷರದೇವ ಈ ವಸ್ತುವನ್ನೇ ‘ರಾಜಶೇಖರವಿಲಾಸ’ವೆಂಬ ಚಂಪುವಾಗಿಸಿದಾಗ ತಿರುಕೊಳವಿನಾಚಿಯ ಪ್ರಲಾಪ ಕಾವ್ಯದ ಉಳಿದ ವಿಲಾಸವನ್ನೆಲ್ಲ ಮರೆಸಿಬಿಟ್ಟಿತು.

ಸಂಕೇತ ಹೊಂದಿಸುವುದು ಕಷ್ಟವಲ್ಲ. ಊರು ಶರೀರ, ಕುದುರೆ ಇಂದ್ರಿಯ (ಕಠೋಪನಿಷತ್ತಿನ ಕಾಲದಿಂದಲೂ ಕುದುರೆಗೆ ಈ ಹೊರೆ ತಪ್ಪಿಲ್ಲ!), ಮಗು ನಮ್ಮೊಳಗಿನ ಮುಗ್ಧಚೇತನ, ಅರಸ ವಿವೇಕ. ಕಾವ್ಯದ ಹೆಸರಿನಲ್ಲೇ ‘ಭಾವ’ವಿರುವಾಗ ಈ ಓದನ್ನು ಬಲಾತ್ಕಾರವೆನ್ನುವಂತಿಲ್ಲ. ಆದರೆ ತಾಯಿಯನ್ನು ಎಲ್ಲಿ ಕೂರಿಸೋಣ? ಯಾವ ತತ್ತ್ವದ ಹೆಸರಿಟ್ಟರೂ ಆಕೆಯ ಅಳು ಅದರೊಳಗೆ ಅಡಗುವುದಿಲ್ಲ. ಅದು ಅಡಗುವಂತೆ ಓದಿದರೆ ನಮಗೆ ದೊರೆಯುವುದು ಅಗ್ಗದ ಸಮಾಧಾನ. ಒಳಗಿನ ಮಗು ಎದ್ದಿತೆಂದು ಹಿಗ್ಗುವವನಿಗೆ ಬೀದಿಯ ಮಗುವಿನ ನೆನಪೇ ಇರದು. ಕವಿ ಇಟ್ಟ ಕ್ರಮವನ್ನು ನೋಡಿ: ತಾಯಿಯ ದೂರನ್ನು ಕೇಳಿ, ಅರಸ ಕತ್ತಿಯನ್ನು ತನ್ನ ಕರುಳಿಗೇ ತಿರುಗಿಸಿದ ಮೇಲಷ್ಟೇ ಶಿವನ ಆಗಮನ.

ಗುಬ್ಬಿಯಿಂದ ದಕ್ಷಿಣಕ್ಕೆ, ಕುಣಿಗಲ್ ಸೀಮೆಗೆ ಬಂದರೆ ಕಗ್ಗೆರೆಯಲ್ಲಿ ತೋಂಟದ ಸಿದ್ಧಲಿಂಗ ಯತಿಗಳು ತಪಸ್ಸು ಮಾಡಿದ ಸ್ಥಳವಿದೆ. ಎಡೆಯೂರಿನಲ್ಲಿ ಅವರ ಗದ್ದುಗೆಯಿದೆ. ತಪಸ್ಸಿನಲ್ಲಿದ್ದವರ ಮೇಲೆ ಹುತ್ತ ಬೆಳೆಯಿತೆಂಬುದು ಐತಿಹ್ಯ. ಭಕ್ತರು ಆ ಹುತ್ತವನ್ನು ನೆನೆಯುತ್ತಾರೆ. ಅವರ 701 ವಚನಗಳ ‘ಷಟ್‌ಸ್ಥಲ ಜ್ಞಾನಸಾರಾಮೃತ’ ಮಾತ್ರ ಅಂತರಂಗದ ದಾರಿಯನ್ನು ಸ್ಥಲ ಸ್ಥಲವಾಗಿ ಹೇಳುತ್ತದೆ. ಅಲ್ಲಿ ಐಕ್ಯ ಆರನೆಯದು. ಮೊದಲನೆಯದು ಭಕ್ತಸ್ಥಲ, ನಡೆನುಡಿಯ ಲೆಕ್ಕ ಒಪ್ಪಿಸದೆ ಆ ಹೊಸ್ತಿಲನ್ನು ದಾಟುವಂತಿಲ್ಲ.